ಮಂಡಿನೋವಿನ ಗೀಟು: ಮೂರು ವರ್ಷದ ಗ್ರಾಫ್ ಪುಸ್ತಕ

ಮಂಡಿ ಸವೆದವರ ನೋವನ್ನು ತಿಂಗಳು ತಿಂಗಳೂ ಗೀಟಾಗಿ ಎಳೆದಿಡುತ್ತೇನೆ ಎಂದಾಗ ಜೊತೆಯ ಫಿಸಿಯೋಗಳು, ಮೂಳೆ ಡಾಕ್ಟರುಗಳು ಎಲ್ಲರದೂ ಒಂದೇ ಮಾತು: "ಎಕ್ಸ್‌ರೇ ಇದೆಯಲ್ಲ, ಇದ್ಯಾಕೆ?" ಮೂರು ವರ್ಷದಲ್ಲಿ ಹೆಚ್ಚುಕಡಿಮೆ 70 ಜನರ ಮಂಡಿ ಪುಸ್ತಕಕ್ಕೆ ಸೇರಿದೆ. ಈಗ ಮೊದಲ ಮೂರು ತಿಂಗಳ ಗೀಟು ನೋಡಿ, ಯಾರ ನೋವು ಬರುವ ವರ್ಷವೂ ಮೇಲೆಯೇ ನಿಲ್ಲುತ್ತದೆ ಎಂದು ಹೇಳಿದರೆ ಹತ್ತಕ್ಕೆ ಏಳು ಸಲವಾದರೂ ಸರಿಹೋಗುತ್ತಿದೆ. ಬೇಡ ಎಂದಿದ್ದವರೇ ಇಂದು ಪುಸ್ತಕ ಕೇಳಿ ಪಡೆಯುತ್ತಾರೆ.

ಮೊದಲು ದುಡ್ಡು ಹೋದದ್ದು ಫಾರ್ಮಿಗೆ. ವೊಮ್ಯಾಕ್ (ಕೀಲು ಸವೆದವರ ನೋವು, ಬಿಗಿತ, ಓಡಾಟ ಅಳೆಯುವ ಪ್ರಶ್ನಾವಳಿ) ಪ್ರಶ್ನೆಗಳ 500 ಪ್ರತಿ ಮುದ್ರಿಸಿದ್ದೆ, ಸುಮಾರು 2,500 ರೂಪಾಯಿ. ಅರ್ಧ ರದ್ದಿಗೆ ಹೋಯಿತು, ಏಕೆಂದರೆ ತಾಯಿಯ ಫಾರ್ಮನ್ನು ಮಗ ತುಂಬುತ್ತಿದ್ದ. ಮಗನಿಗೆ ಕುಂಟುವುದು ಕಾಣುತ್ತದೆ, ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಿನ ನೋವು ಕಾಣುವುದಿಲ್ಲ. ನೋವು ಎಷ್ಟೆಂದು ಗುರುತು ಹಾಕಲು ಹತ್ತು ಸೆಂಟಿಮೀಟರಿನ ಗೀಟು ಕೊಟ್ಟರೆ ವಯಸ್ಸಾದವರು ನಟ್ಟನಡುವೆ ಗುರುತು ಹಾಕಿ ಮುಗಿಸುತ್ತಿದ್ದರು. ಬಳಿಕ ತಿಂಗಳ ಬಾಡಿಗೆಯ ಒಂದು ಆ್ಯಪ್. ಅದಕ್ಕೆ ಹತ್ತು-ಹನ್ನೆರಡು ಸಾವಿರ ಸುರಿದ ಮೇಲೆ 90 ರೂಪಾಯಿಯ ಗ್ರಾಫ್ ಪುಸ್ತಕಕ್ಕೆ ಬಂದೆ.

ಕೊನೆಗೆ ಕೈಹಿಡಿದದ್ದು ಆಣೆ ಲೆಕ್ಕ. "ಹದಿನಾರಾಣೆಗೆ ಇವತ್ತು ಎಷ್ಟಾಣೆ ನೋವು?" ಎಂದರೆ ಓದು ಬಾರದ ಅಜ್ಜಿಯೂ ಥಟ್ಟನೆ ಹೇಳುತ್ತಾರೆ. ಆದರೆ "ಎಷ್ಟಾಣೆ ವಾಸಿ?" ಎಂದು ಕೇಳಲೇಬಾರದು. ನೆನಪಿನಿಂದ ಬರುವ ಆ ಉತ್ತರದಲ್ಲಿ ನಮ್ಮ ಮುಖ ನೋಡಿ ಸೇರಿಸುವ ಎರಡಾಣೆ ಯಾವಾಗಲೂ ಇರುತ್ತದೆ. ಹಿಂದಿನ ತಿಂಗಳ ಅಂಕಿ ಅವರಿಗೆ ತೋರಿಸಬೇಡಿ. ಎಡ ಬಲ ಬೇರೆ ಬೇರೆ ಬರೆಯಿರಿ. ಹೊತ್ತು ಒಂದೇ ಇರಲಿ: ಬೆಳಗಿನ ಬಿಗಿತವೇ ಬೇರೆ, ಸಂಜೆಯ ನೋವೇ ಬೇರೆ. ನಾನು ಸಂಜೆ ಆರರ ಮೇಲೆ ಫೋನ್ ಮಾಡಿಸುತ್ತೇನೆ, ಆ ಕೆಲಸದ ಹುಡುಗಿಗೆ ತಿಂಗಳಿಗೆ 2,000. ಆ ದಿನ ನೋವಿನ ಮಾತ್ರೆ ನುಂಗಿದ್ದರೆ ಅಂಕಿಯ ಸುತ್ತ ಸೊನ್ನೆ, ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಕೆಂಪು ಗೀಟು. ಆ ಇಳಿತ ಕೆಲವು ವಾರದ್ದು, ಅದನ್ನು ನಂಬಿ ಮುಂದಿನದು ಹೇಳಲಾಗದು.

ಎಲ್ಲಕ್ಕಿಂತ ದೊಡ್ಡ ಮೋಸ ಮೊದಲ ಅಂಕಿಯದು. ಜನ ನಮ್ಮ ಹತ್ತಿರ ಬರುವುದೇ ನೋವು ತುತ್ತತುದಿಗೆ ಏರಿದಾಗ. ಮೂರು-ನಾಲ್ಕು ವಾರದಲ್ಲಿ ಅದು ತಾನಾಗಿಯೇ ಒಂದಿಷ್ಟು ಇಳಿಯುತ್ತದೆ. ಮೊದಲ ವರ್ಷವೆಲ್ಲ ಆ ಇಳಿತವನ್ನು ನನ್ನ ವ್ಯಾಯಾಮದ ಖಾತೆಗೆ ಬರೆದುಕೊಂಡಿದ್ದೆ. ಈಗ ಎರಡು ವಾರದಲ್ಲಿ ನಾಲ್ಕು ಸಲ ಕೇಳಿ, ಸರಾಸರಿ ತೆಗೆದು, ಆಮೇಲೆ ಗೀಟು ಶುರು. ಮೂರಾಣೆಗಿಂತ ಕಡಿಮೆ ಏರಿಳಿತ ಲೆಕ್ಕಕ್ಕಿಲ್ಲ. ಹತ್ತರ ಅಳತೆಯಲ್ಲಿ ಅದು ಸುಮಾರು ಎರಡು ಅಂಕ.

ಇನ್ನೊಂದು ಗುಂಡಿ. ವೊಮ್ಯಾಕ್‌ನ ಐದು ನೋವಿನ ಪ್ರಶ್ನೆಗಳಲ್ಲಿ ಕುಕ್ಕರಗಾಲಿಲ್ಲ, ಚಕ್ಕಳಮಕ್ಕಳವಿಲ್ಲ. ಆರನೆಯದಾಗಿ ಸೇರಿಸಿದೆ. ಆಗ ಇನ್ನೊಂದು ಕಂಡಿತು: ಮೆಟ್ಟಿಲು ಹತ್ತುವುದನ್ನೇ ಬಿಟ್ಟವರು "ಮೆಟ್ಟಿಲ ನೋವು ಇಲ್ಲ" ಎನ್ನುತ್ತಾರೆ. ಅದು ಸೊನ್ನೆಯಲ್ಲ. "ಬಿಟ್ಟಿದ್ದಾರೆ" ಎಂದು ಅಡ್ಡಗೀಟು ಹಾಕಿ. ಅಡ್ಡಗೀಟು ಹೆಚ್ಚುತ್ತಾ ಹೋದ ಮಂಡಿ ಅಂಕಿ ಇಳಿದರೂ ಕೆಡುತ್ತಿದೆ ಎಂದೇ ಅರ್ಥ.

ಗೀಟುಗಳು ಏನು ಹೇಳಿದವು? ಬಹುಪಾಲು ಅಡ್ಡಕ್ಕೆ ಹೋಗುತ್ತವೆ. ಕೆಳಗಿದ್ದವು ಕೆಳಗೆ, ಮೇಲಿದ್ದವು ಮೇಲೆ; ಒಂದೇ ಸಮ ಏರುವವು ಬೆರಳೆಣಿಕೆ. ಅಮೆರಿಕದ ಮಂಡಿ ಸವೆತದ ದೊಡ್ಡ ಅಧ್ಯಯನವಾದ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್‌ನಲ್ಲಿ 2004ರಿಂದ 45–79 ವಯಸ್ಸಿನ 4,796 ಜನರನ್ನು ಹಿಂಬಾಲಿಸಿದಾಗಲೂ ಅವರಲ್ಲಿ ಮಂಡಿ ಸವೆದು ನೋವಿದ್ದವರ ಆರು ವರ್ಷದ ಗೀಟುಗಳು ಬಹುಪಾಲು ಹೀಗೇ ಚಪ್ಪಟೆಯಾಗಿದ್ದವು. "ವರ್ಷ ಕಳೆದಂತೆ ನೋವು ಏರುತ್ತಲೇ ಹೋಗುತ್ತದೆ" ಎಂದು ಹೆದರಿಸುವುದನ್ನು ಈಗಲಾದರೂ ನಿಲ್ಲಿಸೋಣ.

ಯಾವುದು ಮೇಲಿನ ಗೀಟಿಗೆ ಒಯ್ಯುತ್ತದೆ? ಎಕ್ಸ್‌ರೇ ಗ್ರೇಡ್ (ಸವೆತ ಎಷ್ಟೆಂದು ಹೇಳುವ ಅಂಕ) ಸ್ವಲ್ಪ ಹೇಳುತ್ತದೆ, ಆದರೆ ಅದೇ ಗ್ರೇಡ್ 3ರಲ್ಲಿ ಮೂರಾಣೆಯವರೂ ಇದ್ದಾರೆ, ಹದಿಮೂರಾಣೆಯವರೂ ಇದ್ದಾರೆ. ನನ್ನ ಪುಸ್ತಕದಲ್ಲಿ ಹೆಚ್ಚು ಹೇಳಿದವು ತೂಕ, ಸೊಂಟ-ಭುಜ ಹೀಗೆ ಬೇರೆ ಕಡೆಯ ನೋವು, ಕೆಟ್ಟ ನಿದ್ದೆ ಮತ್ತು ಕುಗ್ಗಿದ ಮನಸ್ಸು, ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆ. ಇವುಗಳಲ್ಲಿ ಮೂರು ಕೆಟ್ಟಿದ್ದರೆ ಗೀಟು ಮೇಲೆಯೇ ನಿಲ್ಲುತ್ತದೆ ಎಂದು ಬರೆದಿಡುತ್ತೇನೆ. ತೂಕದ ಬಗ್ಗೆ ಒಂದು ಮಾತು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ, ಇದನ್ನು ಹೇಳಿದಾಗ ಜನ ಕಿವಿಗೊಡುತ್ತಾರೆ. ಮನಸ್ಸಿನ ಪ್ರಶ್ನೆಯನ್ನು ಯಾವ ಮಾತಿನಲ್ಲಿ, ಯಾರು ಹೊರಹೋದ ಮೇಲೆ ಕೇಳುತ್ತೇನೆ ಎಂಬುದನ್ನು ಇಲ್ಲಿ ಬಿಚ್ಚುವುದಿಲ್ಲ. ಅದು ನನ್ನ ಕೈಗೆ ಬರಲು ಒಂದು ವರ್ಷ ಹಿಡಿಯಿತು.

ಕುರ್ಚಿ 43 ಸೆಂಟಿಮೀಟರ್ ಎತ್ತರದ ಮರದ್ದೇ ಇರಲಿ, ಗೋಡೆಗೆ ಆನಿಸಿ, ಕೈ ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತಾರೆ ಎಂದು ಎಣಿಸಿ. ಪ್ಲಾಸ್ಟಿಕ್ ಕುರ್ಚಿ ಬಾಗಿ ಚಿಮ್ಮುತ್ತದೆ, ಎಣಿಕೆ ಒಂದೆರಡು ಹೆಚ್ಚು ಬರುತ್ತದೆ.

ಮಳೆಗಾಲದಲ್ಲಿ ನೋವು ಹೆಚ್ಚು ಎನ್ನುವುದನ್ನೂ ತೇವಾಂಶ ಮಾಪಕ ಇಟ್ಟು ನೋಡಿದೆ. ಆ ತಿಂಗಳುಗಳಲ್ಲೇ ಗದ್ದೆ ನಾಟಿ, ಬಗ್ಗಿ ದುಡಿಮೆ, ಎರಡನ್ನೂ ಬೇರ್ಪಡಿಸಲಾಗಲಿಲ್ಲ. ಈ ವರ್ಷ ಗದ್ದೆಗಿಳಿಯದವರನ್ನು ಮಾತ್ರ ಆರಿಸಿಕೊಂಡು ಮತ್ತೆ ಶುರುಮಾಡಿದ್ದೇನೆ. ಮಾಡಹೊರಟವರು ಒಂದನ್ನು ಮರೆಯಬೇಡಿ: ಬರುವುದನ್ನು ನಿಲ್ಲಿಸಿದವರ ಗೀಟನ್ನು ಹರಿದು ಹಾಕಬೇಡಿ. ಅವರಲ್ಲಿ ವಾಸಿಯಾದವರೂ ಇರುತ್ತಾರೆ, ಆಪರೇಷನ್ ಮಾಡಿಸಿಕೊಂಡವರೂ ಇರುತ್ತಾರೆ. ಒಂದು ಫೋನ್ ಮಾಡಿ ಯಾವುದೆಂದು ಪುಟದ ಅಂಚಿನಲ್ಲಿ ಬರೆದಿಡಿ.