ಒದೆಗೊಂದು ಹಿಡಿ ಹಿಂಡಿ

ಭಾಲ್ಕಿ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನಾನು, ಮನೆಯ ದೇವಣಿ ತಳಿಯ ಆಕಳಿಗೆ ಒದೆಯುವುದನ್ನು ಕಲಿಸಿದವನೂ ಹೌದು.

ಗೌರಿ ಎರಡನೆಯ ಸಲ ಈದಾಗ ಚಳಿಗೆ ಮೊಲೆ ಒಡೆದು, ಮುಟ್ಟಿದರೆ ಒದೆಯುತ್ತಿತ್ತು. ಎದ್ದು ಒಂದು ಹಿಡಿ ಹತ್ತಿಕಾಳಿನ ಹಿಂಡಿ ಇಟ್ಟರೆ ತಣ್ಣಗಾಗುತ್ತಿತ್ತು. ಮುಲಾಮು ಹಚ್ಚಿ ವಾರದಲ್ಲಿ ಗಾಯ ಮಾಯಿತು, ಒದೆ ನಿಲ್ಲಲಿಲ್ಲ. ಕಾಲು ಝಾಡಿಸುವುದು, ತಿರುಗಿ ನನ್ನ ಕೈ ನೋಡುವುದು. ಒಂದು ಮುಂಜಾನೆ ಎರಡು ಲೀಟರ್ ಹಾಲು ಸೆಗಣಿಯ ಪಾಲಾಯಿತು.

‘ಒದ್ದಾಗಲೆಲ್ಲ ತಿನ್ನಿಸುತ್ತೀಯಲ್ಲೋ, ಅದು ಯಾಕೆ ಬಿಟ್ಟೀತು?’ ಎಂದಳು ಅವ್ವ. ಬಿ.ಇಡಿ. ಪರೀಕ್ಷೆಯಲ್ಲಿ ಮನಶ್ಶಾಸ್ತ್ರಜ್ಞ ಸ್ಕಿನ್ನರ್‌ನ ಕ್ರಿಯಾಜನ್ಯ ಅನುಬಂಧನದ ಮೇಲೆ ಪುಟಗಟ್ಟಲೆ ಬರೆದವನಿಗೆ ನಾಚಿಕೆಯಾಯಿತು. ಕೆಲಸಕ್ಕೆ ಫಲ ಸಿಕ್ಕರೆ ಪ್ರಾಣಿ ಆ ಕೆಲಸವನ್ನೇ ಮತ್ತೆ ಮಾಡುತ್ತದೆ. ನಾನು ಕೊಟ್ಟದ್ದು ಒದೆಯ ಕೂಲಿ.

ಲೆಕ್ಕ ತಿರುಗಿಸಿದೆ. ನಾಲ್ಕೂ ಕಾಲು ನೆಲದಲ್ಲಿದ್ದು ನಾನು ಹತ್ತು ಎಣಿಸಿದರೆ ಮಾತ್ರ ಹಿಂಡಿ. ಮೊದಲ ಮೂರು ದಿನ ಒದೆ ಇಮ್ಮಡಿಯಾಯಿತು. ಬರುತ್ತಿದ್ದ ಕೂಲಿ ತಪ್ಪಿದರೆ ಯಾರು ಸುಮ್ಮನಿರುತ್ತಾರೆ? ನಾಲ್ಕನೆಯ ದಿನ ಶಾಲೆಗೆ ಹೊತ್ತಾಗಿ, ಸೋತು ಒಂದು ಹಿಡಿ ಕೊಟ್ಟುಬಿಟ್ಟೆ. ಅದೇ ದೊಡ್ಡ ತಪ್ಪು. ಆಗೊಮ್ಮೆ ಈಗೊಮ್ಮೆ ಸಿಗುವ ಫಲದ ಚಟ ದಿನವೂ ಸಿಗುವುದಕ್ಕಿಂತ ಗಟ್ಟಿ. ಮತ್ತೆ ಹತ್ತು ದಿನ ಹಿಡಿಯಿತು.

ಒದೆ ನಿಂತರೂ ಹಾಲು ಕಡಿಮೆಯೇ. ಮೊದಲೆಲ್ಲ ಬಕೆಟ್ ಸದ್ದಾದರೆ ಸಾಕು, ಕೈ ಹಾಕುವ ಮೊದಲೇ ತೊಟ್ಟಿನಿಂದ ಹನಿ ಜಿನುಗುತ್ತಿತ್ತು. ಊಟಕ್ಕೆ ಮೊದಲು ಕೇಳುವ ಸದ್ದಿಗೇ ವಿಜ್ಞಾನಿ ಪಾವ್ಲೋವ್‌ನ ನಾಯಿಗೆ ಜೊಲ್ಲು ಸುರಿದ ಹಾಗೆ, ಬಕೆಟ್ ಸದ್ದಿಗೇ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಕೆಚ್ಚಲಿಗೆ ಹಾಲು ಇಳಿಯುತ್ತದೆ. ಈಗ ಬಕೆಟ್ ಜೊತೆಗೆ, ಗಾಯ ಮುಟ್ಟಿ ನೋಯಿಸುವ ಮೊದಲು ಕೇಳುತ್ತಿದ್ದ ಮುಲಾಮಿನ ಡಬ್ಬಿಯ ‘ಟಪ್’ ಸದ್ದೂ ಅದರ ಕಿವಿಯಲ್ಲಿ ಕೂತಿತ್ತು. ಕೇಳಿದೊಡನೆ ಮೈ ಬಿಗಿ. ಹೆದರಿದ ಆಕಳು ಹಾಲು ಇಳಿಸುವುದಿಲ್ಲ. ಆಕ್ಸಿಟೋಸಿನ್ ಸೂಜಿ ಹಾಕಿಸು ಎಂದವರಿದ್ದರು, ನಾನು ಒಪ್ಪಲಿಲ್ಲ.

ಹಾಲು ಕರೆಯುವ ಹೊತ್ತು ಬಿಟ್ಟು, ಮಧ್ಯಾಹ್ನ ದೂರ ನಿಂತು ಡಬ್ಬಿ ಟಪ್ ಎನ್ನಿಸಿ ಚಿಟಿಕೆ ಹಿಂಡಿ ಹಾಕತೊಡಗಿದೆ. ಮುಲಾಮಿಲ್ಲ. ಇಲ್ಲಿ ಹತ್ತು ಎಣಿಸುವ ಶರತ್ತೂ ಇಲ್ಲ. ಹೆದರಿಕೆ ಬೇಕೆಂದು ಮಾಡುವ ಕೆಲಸವಲ್ಲವಲ್ಲ. ದಿನಕ್ಕೊಂದು ಹೆಜ್ಜೆ ಹತ್ತಿರ ಹೋದೆ. ಮೂರು ವಾರಕ್ಕೆ ಹಾಲು ಮೊದಲಿನಂತಾಯಿತು.

ಈಗ ಅವ್ವ ಎಲೆ ಹಾಕಿಕೊಳ್ಳಲು ಸುಣ್ಣದ ಡಬ್ಬಿ ತೆರೆದರೂ ಗೌರಿ ಕೊಟ್ಟಿಗೆಯಿಂದ ಕತ್ತು ಚಾಚುತ್ತದೆ.