ಅಜ್ಜಿಯ ಬೀಸೋ ಪದ ಮತ್ತು ಸ್ಪೂಲ್ ಟೇಪ್ ರೆಕಾರ್ಡರ್

ಎಪ್ಪತ್ತರ ದಶಕದಲ್ಲಿ ನಮ್ಮ ಸೋದರಮಾವ ಮುಂಬೈಯಿಂದ ತಂದ ಸ್ಪೂಲ್ ಟೇಪ್ ರೆಕಾರ್ಡರ್ ಈಗ ದಾವಣಗೆರೆಯ ನಮ್ಮ ಮನೆಯಲ್ಲಿದೆ. ಜಪಾನಿನದು, ಮೂರು ಹೆಡ್ಡಿನದು (ಹೆಡ್ಡು ಅಂದ್ರೆ ಟೇಪು ಉಜ್ಜಿಕೊಂಡು ಹೋಗುವ, ಸದ್ದನ್ನು ಬರೆಯುವ, ಓದುವ ಭಾಗ). ಜೊತೆಗೆ ಏಳು ಸ್ಪೂಲು. ಒಂದರಲ್ಲಿ ಅಜ್ಜಿ ಹಾಡಿದ ಬೀಸೋ ಪದಗಳಿವೆ. ಹಾಕಿದರೆ ಅಜ್ಜಿಯ ದನಿಗಿಂತ ‘ಸುಯ್’ ಅನ್ನೋ ಸದ್ದೇ ಜಾಸ್ತಿ. ನಡುನಡುವೆ ಒಗ್ಗರಣೆ ಸಿಡಿದ ಹಾಗೆ ಚಟಪಟ.

ಟೇಪು ನಿಲ್ಲಿಸಿದರೂ ಚಟಪಟ ನಿಲ್ಲಲಿಲ್ಲ. ಅಂದ್ರೆ ಟೇಪು ಚೆನ್ನಾಗಿದೆ, ಕೆಟ್ಟಿರೋದು ಪ್ಲೇಬ್ಯಾಕ್ ಆಂಪ್ಲಿಫಯರು, ಅಂದ್ರೆ ಹೆಡ್ಡಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಬೋರ್ಡು.

ಮೊದಲು ಹೆಡ್ಡಿನ ಕಾಯಿಲ್ ಸರಿ ಇದೆಯಾ ನೋಡೋಣ ಅಂತ ಮಲ್ಟಿಮೀಟರ್ ಕೈಗೆತ್ತಿಕೊಂಡೆ. ಮಂಡಿಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಪಕ್ಕದಲ್ಲೇ ಕೂತಿದ್ದರು. “ಹೆಡ್ಡಿಗೆ ಮೀಟರ್ ಹಚ್ಚಬ್ಯಾಡೋ ತಮ್ಮ, ಮ್ಯಾಗ್ನೆಟ್ ಹಿಡಿತತಿ” ಅಂದರು. ನಿಜ. ಮೀಟರಿನ ಸಣ್ಣ ಡಿಸಿ ಕರೆಂಟೇ ಹೆಡ್ಡನ್ನು ಕಾಂತವಾಗಿಸಬಹುದು. ಆಮೇಲೆ ಅದರ ಮೇಲೆ ಓಡಿದ ಟೇಪಿಗೂ ಸುಯ್ ಸದ್ದು ಅಂಟುತ್ತದೆ, ಮೇಲಿನ ಸ್ವರಗಳು ಅಳಿಸಿಹೋಗುತ್ತವೆ. ಇರೋದು ಒಂದೇ ಪ್ರತಿ, ಅಲ್ವಾ?

ಬೋರ್ಡು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಮೊದಲ ಹಂತದ ಟ್ರಾನ್ಸಿಸ್ಟರು 2ಎಸ್‌ಸಿ458. ಬೆಳ್ಳಗಿರಬೇಕಾದ ಕಾಲುಗಳು ಕಾಡಿಗೆ ಹಚ್ಚಿದಂತೆ ಕಪ್ಪಾಗಿದ್ದವು. ಬಿಸಿ ಸೋಲ್ಡರಿಂಗ್ ಐರನ್ನನ್ನು ಮುಟ್ಟಿಸದೆ ಹತ್ತಿರ ಹಿಡಿದರೆ ಸಾಕು, ಚಟಪಟ ಹೆಚ್ಚಾಗುತ್ತಿತ್ತು. ಕಳ್ಳ ಸಿಕ್ಕಿದ.

ಅದರ ಬದಲಿಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಸಿ550ಸಿ ತರಿಸಿದೆ. ಇಲ್ಲೇ ನಾನು ಎಡವಿದ್ದು. ಜಪಾನಿನ ಆ ಟ್ರಾನ್ಸಿಸ್ಟರಿನ ನಡುವಿನ ಕಾಲು ಕಲೆಕ್ಟರು. ಬಿಸಿ550ರಲ್ಲಿ ನಡುವಿನದು ಬೇಸು. ಹಳೇದು ಕೂತಿದ್ದ ಹಾಗೇ ಕೂರಿಸಿಬಿಟ್ಟೆ. ಎಡ ಚಾನೆಲ್ ಪೂರ್ತಿ ಮೌನ! ಮತ್ತೆ ಬಿಚ್ಚಿ, ಕಾಲುಗಳು ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಸ್ಲೀವ್ ತೊಡಿಸಿ, ಅಡ್ಡ ದಾಟಿಸಿ ಸರಿಯಾದ ತೂತಿಗೆ ಹಾಕಿದೆ. ಬಿಚ್ಚುವಾಗ ಒಂದು ಕಡೆ ತಾಮ್ರದ ಪಟ್ಟಿ ಎದ್ದು ಬಂತು. ಅಲ್ಲಿ ಸಣ್ಣ ತಂತಿ ಬೆಸೆದೆ.

ಜೊತೆಗೆ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೆಲ್ಲ ಬದಲಿಸಿದೆ. ಮೊದಲ ಹಂತದ ಕಾರ್ಬನ್ ರೆಸಿಸ್ಟರುಗಳ ಜಾಗಕ್ಕೆ ಅಷ್ಟೇ ಓಮಿನ ಮೆಟಲ್ ಫಿಲ್ಮ್ ರೆಸಿಸ್ಟರು ಬಂತು. ಹೆಡ್ಡಿನಿಂದ ಬರೋದು ಮಿಲಿವೋಲ್ಟಿನ ಲೆಕ್ಕ. ಅಲ್ಲಿ ಸೇರಿದ ಸದ್ದು ಮುಂದಿನ ಎಲ್ಲಾ ಹಂತದಲ್ಲೂ ದೊಡ್ಡದಾಗುತ್ತದೆ. ಹಾಗಾಗಿ ದುಡ್ಡು, ತಾಳ್ಮೆ ಎರಡನ್ನೂ ಅಲ್ಲೇ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ.

ಬೋರ್ಡನ್ನೇ ಎಸೆದು ಎನ್‌ಇ5532 ಐಸಿಯಲ್ಲಿ ಹೊಸದು ಕಟ್ಟು ಅಂತ ಗೆಳೆಯ ಹೇಳಿದ್ದ. ನಾನು ಒಪ್ಪಲಿಲ್ಲ. ಈ ಟೇಪು ಸೆಕೆಂಡಿಗೆ 9.5 ಸೆಂ.ಮೀ. ವೇಗದ್ದು. ಅದಕ್ಕೆ 3180 ಮತ್ತು 90 ಮೈಕ್ರೋಸೆಕೆಂಡಿನ ಈಕ್ವಲೈಸೇಷನ್, ಅಂದ್ರೆ ಮೇಲಿನ-ಕೆಳಗಿನ ಸ್ವರಗಳ ಮಟ್ಟ ಸರಿದೂಗಿಸುವ ಏರ್ಪಾಡು, ಬೇಕು. ಇದನ್ನು ನಿರ್ಧರಿಸುವ ಭಾಗಗಳು ಹಳೇ ಬೋರ್ಡಿನಲ್ಲಿ ಸರಿಯಾಗೇ ಇದ್ದವು. ಸುಮ್ನೆ ಕೆದಕೋದು ಯಾಕೆ?

ಹೆಡ್ಡಿಗೆ ಹಿಡಿದ ಕಾಂತಗುಣ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಟೇಪು ಹಾಕಿದೆ. ಟೇಪಿನದೇ ತೆಳುವಾದ ಸುಯ್ ಸದ್ದು ಉಳಿದಿದೆ, ಅದು ಇರಲಿ. ಅಜ್ಜಿ ಉಸಿರು ಎಳೆದುಕೊಳ್ಳೋದು ಕೇಳಿಸಿತು. ಕಲ್ಲು ತಿರುಗುವ ಗರಗರ ಕೇಳಿಸಿತು. ಅಡುಗೆಮನೆಯಿಂದ ಅಮ್ಮ ಒದ್ದೆ ಕೈಯಲ್ಲೇ ಬಂದು ನಿಂತರು. ಅಜ್ಜಿ ಬಿಟ್ಟ ಸಾಲನ್ನು ಎತ್ತಿಕೊಳ್ಳುವ ಇನ್ನೊಂದು ದನಿ ಇತ್ತು. ಅಷ್ಟು ದಿನ ಅದು ನಮಗೆ ಗೊತ್ತೇ ಇರಲಿಲ್ಲ. “ಅದು ನಾನು ಕಣೋ” ಅಂದರು ಅಮ್ಮ.