ಉಗುರಿನಿಂದ ಅಳೆದ ಎಣ್ಣೆ

ಮೊದಲ ದಿನ ನನಗೆ ಕಲಿಸಿದ್ದು ಕೆರೆಯುವುದನ್ನು. ಹುಲ್ಲಿನ ದಂಟಿಗೆ ಎಣ್ಣೆ ಅಂಟಿದೆ. ಉಗುರಿನಿಂದ ಕೆರೆದರೆ ಎದ್ದು ಬಂತಾ? ಹಾಗಾದರೆ ಅದು 'ಕೋಟ್'. ಸುಲಭಕ್ಕೆ ಬರಲಿಲ್ಲವಾ? ಅದು 'ಸ್ಟೇನ್', ಅಂದರೆ ಬರೀ ಕಲೆ. ಒಂದು ಮಿಲಿಮೀಟರಿಗಿಂತ ದಪ್ಪ ಇದ್ದರೆ 'ಕವರ್'. ಒಂದು ಸೆಂಟಿಮೀಟರ್ ದಾಟಿದರೆ 'ಥಿಕ್'. ನೀರಿನ ಮೇಲೆ ಕಾಮನಬಿಲ್ಲಿನ ಹಾಗೆ ಹೊಳೆಯುವ ತೆಳು ಪದರ ಮಾತ್ರ ಇದ್ದರೆ 'ಫಿಲ್ಮ್'. ಇಷ್ಟೇ. ಜಗತ್ತಿನ ದೊಡ್ಡ ಎಣ್ಣೆ ಸೋರಿಕೆಗಳಲ್ಲಿ ಒಂದನ್ನು ನಾವು ಉಗುರು ಮತ್ತು ಫಾರಂ ಹಿಡಿದು ಅಳೆದೆವು.

ಅದು 2010ರ ಜೂನ್. ಅಮೆರಿಕದ ಲೂಸಿಯಾನ ರಾಜ್ಯದ ಬಾರಟೇರಿಯಾ ಕೊಲ್ಲಿ. ನಾನು ಬ್ಯಾಟನ್ ರೂಜ್‌ನ ಒಂದು ಸಣ್ಣ ಪರಿಸರ ಸಲಹಾ ಕಂಪನಿಯಲ್ಲಿದ್ದೆ. ಓದಿದ್ದು ಭೂವಿಜ್ಞಾನ. ಹುಟ್ಟಿದ್ದು ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವಲ್ಲಿ. ಉಪ್ಪುನೀರು, ಕೆಸರು, ಇಳಿತದ ವಾಸನೆ ನನಗೆ ಹೊಸದೇನಲ್ಲ. ಅದಕ್ಕೇ ಇರಬೇಕು, ಸೋರಿಕೆಯ ಕೆಲಸಕ್ಕೆ ಹೋಗುವವರು ಕೈ ಎತ್ತಿ ಎಂದು ಮ್ಯಾನೇಜರ್ ಅಂದಾಗ ಸುಮ್ನೆ ಎತ್ತಿಬಿಟ್ಟೆ. ಮೂರು ವಾರದ ಕೆಲಸ ಅಂದಿದ್ದರು. ಬಿಟ್ಟೂ ಬಿಟ್ಟೂ ಎರಡೂವರೆ ವರ್ಷ ಆಯಿತು.

ಆಗಿದ್ದು ಹೀಗೆ. ಏಪ್ರಿಲ್ 20ರ ರಾತ್ರಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ, ಎಣ್ಣೆ ಬಾವಿ ಕೊರೆಯುವ ತೇಲುವ ರಿಗ್ ಸ್ಫೋಟಿಸಿತು. 11 ಜನ ಸತ್ತರು. ಎರಡು ದಿನ ಉರಿದು ರಿಗ್ ಮುಳುಗಿತು. ಅದು ಕೊರೆಯುತ್ತಿದ್ದ ಮಕೊಂಡೊ ಬಾವಿಯ ಬಾಯಿ ಇದ್ದದ್ದು ಸುಮಾರು 1,500 ಮೀಟರ್ ಆಳದಲ್ಲಿ, ದಡದಿಂದ 66 ಕಿಲೋಮೀಟರ್ ದೂರದಲ್ಲಿ. ಮೊದಲು ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಅಂದರು. ಆಮೇಲೆ 5,000 ಅಂದರು. ಕಡೆಗೆ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಅದು 50,000 ದಾಟಿತ್ತು. 87 ದಿನ ಸೋರಿತು. ಎಷ್ಟು ಎಣ್ಣೆ ಸಮುದ್ರಕ್ಕೆ ಬಿತ್ತು ಅನ್ನುವ ಜಗಳ ಕೋರ್ಟಿಗೂ ಹೋಯಿತು. ಕೋರ್ಟ್ ಒಪ್ಪಿದ ಲೆಕ್ಕ 31.9 ಲಕ್ಷ ಬ್ಯಾರೆಲ್, ಅಂದರೆ ಸುಮಾರು 50 ಕೋಟಿ ಲೀಟರ್.

ನನ್ನ ತಂಡದ ಹೆಸರು ಸ್ಕ್ಯಾಟ್. ದಡದ ಸ್ವಚ್ಛತೆ ಮತ್ತು ಪರಿಶೀಲನೆಯ ವಿಧಾನ ಅನ್ನುವುದರ ಇಂಗ್ಲಿಷ್ ಗಿಡ್ಡ ರೂಪ. ಆ ಪದಕ್ಕೆ ಪ್ರಾಣಿಗಳ ಹಿಕ್ಕೆ ಅನ್ನುವ ಅರ್ಥವೂ ಇದೆ. ನಾವು ದಿನವಿಡೀ ಕೆಸರಿನಲ್ಲಿ ಬಗ್ಗಿ ನೋಡುತ್ತಿದ್ದುದನ್ನು ಕಂಡವರು ಇದೇ ಸರಿಯಾದ ಹೆಸರು ಅನ್ನುತ್ತಿದ್ದರು. ಪ್ರತಿ ತಂಡದಲ್ಲೂ ಮೂರು ಕಡೆಯವರು ಇರಬೇಕು. ಕೇಂದ್ರ ಸರ್ಕಾರದವರು ಒಬ್ಬರು, ರಾಜ್ಯದವರು ಒಬ್ಬರು, ಸೋರಿಕೆಗೆ ಹೊಣೆಯಾದ ಎಣ್ಣೆ ಕಂಪನಿ ಬಿಪಿಯ ಕಡೆಯವರು ಒಬ್ಬರು. ನಾನು ರಾಜ್ಯದ ಪರವಾಗಿ. ಮೂವರೂ ಒಪ್ಪಿ ಸಹಿ ಹಾಕಿದರೆ ಮಾತ್ರ ಫಾರಂಗೆ ಬೆಲೆ. ಒಂದೇ ಕಲೆಯನ್ನು ನೋಡಿ ಒಬ್ಬರು ಶೇಕಡಾ 40 ಅನ್ನುವುದು, ಇನ್ನೊಬ್ಬರು 60 ಅನ್ನುವುದು ದಿನವೂ ಇದ್ದದ್ದೇ. ಇದು ಸಣ್ಣ ಜಗಳ ಅಲ್ಲ. 50ರ ಒಳಗಿದ್ದರೆ 'ತೇಪೆ ತೇಪೆ', ಮೇಲಿದ್ದರೆ 'ಒಡೆದ ಪದರ' ಎಂದು ಬರೆಯಬೇಕು. ಬರೆದ ಪದದ ಮೇಲೆ ಆ ಜಾಗಕ್ಕೆ ಎಷ್ಟು ಜನ ಬರುತ್ತಾರೆ, ಏನು ಮಾಡುತ್ತಾರೆ ಅನ್ನುವುದು ನಿಂತಿರುತ್ತದೆ.

ಹೊಸ ಎಣ್ಣೆ ಕಪ್ಪಗಿರುತ್ತದೆ ಅಂದುಕೊಂಡಿದ್ದೆ. ಅಷ್ಟು ದೂರ ಅಲೆಗಳಲ್ಲಿ ಕಡೆದು ಬಂದದ್ದು ಕೆಂಗಂದು ಬಣ್ಣ. ನೀರು ಬೆರೆತು ದಪ್ಪಗಾಗಿ, ನಮ್ಮೂರ ಕಡೆ ಆಲೆಮನೆಯ ಜೋನಿ ಬೆಲ್ಲ ಇರುತ್ತದಲ್ಲ, ಥೇಟ್ ಹಾಗೆ. ಹುಲ್ಲಿನ ಬುಡದಲ್ಲಿ ಅದು ನಿಂತದ್ದನ್ನು ನೋಡಿದ ಮೇಲೆ ಮುಂದೆ ಊರಿಗೆ ಹೋದಾಗ ದೋಸೆಗೆ ಜೋನಿ ಬೆಲ್ಲ ಹಾಕಿಕೊಳ್ಳಲು ಸ್ವಲ್ಪ ದಿನ ಹಿಡಿಯಿತು.

ಮರಳ ದಡವಾದರೆ ಕೆಲಸ ಸುಲಭ. ಸಲಿಕೆ ಇದೆ, ಜರಡಿ ಇದೆ, ಯಂತ್ರ ಇದೆ. ಜೌಗು ಹುಲ್ಲುಗಾವಲಿನ ಕಥೆಯೇ ಬೇರೆ. ಅಲ್ಲಿ ನೆಲ ಅನ್ನುವುದು ಬೇರುಗಳು ಹಿಡಿದಿಟ್ಟ ಕೆಸರು ಅಷ್ಟೇ. ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯುತ್ತದೆ. ನಾವು ಇಳಿದ ಗುಂಡಿಯಲ್ಲಿ ಮೇಲಿನ ಎಣ್ಣೆ ಹರಿದು ತುಂಬಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಮೇಲೆ ಇದ್ದದ್ದು ಬಿಸಿಲಿಗೆ, ಗಾಳಿಗೆ, ಬ್ಯಾಕ್ಟೀರಿಯಾಗಳಿಗೆ ಸಿಕ್ಕಿ ಕರಗುತ್ತಾ ಹೋಗುತ್ತದೆ. ಬೇರಿನ ಕೆಳಗೆ ಗಾಳಿ ಇಲ್ಲದ ಕೆಸರಿಗೆ ತುಳಿದು ಸೇರಿಸಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಾಗಾಗಿ ಎಷ್ಟೋ ಕಡೆ ನಾವು ಬರೆದ ಶಿಫಾರಸು 'ಏನೂ ಮಾಡಬೇಡಿ' ಅಂತಲೇ. ಟಿವಿಯವರಿಗೆ ಇದನ್ನು ಹೇಳಿ ನೋಡಿ! ಜನ ಬಿಳಿ ಸೂಟು ಹಾಕಿಕೊಂಡು ಏನಾದರೂ ಒರೆಸುತ್ತಿರಬೇಕು, ಆಗಲೇ ಕೆಲಸ ನಡೆದ ಹಾಗೆ. ಆ ಸೆಖೆಯಲ್ಲಿ ಪಾಪ ಅವರು ಇಪ್ಪತ್ತು ನಿಮಿಷ ಕೆಲಸ ಮಾಡಿ ನಲವತ್ತು ನಿಮಿಷ ನೆರಳಿಗೆ ಹೋಗಬೇಕಾಗುತ್ತಿತ್ತು.

ಬೇ ಜಿಮ್ಮಿ ಅನ್ನುವ ಜಾಗದಲ್ಲಿ ಮಾತ್ರ ಬಿಟ್ಟುಬಿಡುವ ಹಾಗಿರಲಿಲ್ಲ. ಅಲ್ಲಿ ಎಣ್ಣೆ 'ಥಿಕ್'. ಮಡಚಿ ಬಿದ್ದ ಹುಲ್ಲಿನ ಚಾಪೆ, ಅದರ ಮೇಲೆ ಒಣಗಿ ಡಾಂಬರಿನಂತಾದ ಪದರ, ಅದರ ಕೆಳಗೆ ಇನ್ನೂ ಹಸಿ ಎಣ್ಣೆ. ಸಣ್ಣ ಪಟ್ಟಿಗಳನ್ನು ಗುರುತು ಮಾಡಿ ಒಂದೊಂದು ಕಡೆ ಒಂದೊಂದು ಪ್ರಯೋಗ ನಡೆಯಿತು. ಒಂದು ಕಡೆ ಹುಲ್ಲು ಕತ್ತರಿಸಿ ಚಾಪೆಯನ್ನು ಕುಂಟೆಯಿಂದ ಎಳೆದು ತೆಗೆದರು. ಒಂದು ಕಡೆ ನೀರು ಹಾಯಿಸಿ ತೊಳೆದರು. ಒಂದು ಪಟ್ಟಿಯನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಎಳೆದು ತೆಗೆದದ್ದೇ ಉತ್ತಮ ಎಂದು ಕಂಡಿತು. ಆಮೇಲೆ 11 ಕಿಲೋಮೀಟರಿನಷ್ಟು ದಡದಲ್ಲಿ ಅದನ್ನೇ ಮಾಡಿದರು. ನೆಲ ತುಳಿಯದ ಹಾಗೆ ಹಲಗೆ ಹಾಸಿ, ದೋಣಿಯ ಮೇಲಿಂದ ಉದ್ದ ತೋಳಿನ ಯಂತ್ರ ಚಾಚಿ. ಎಲ್ಲ ರಾಜ್ಯ ಸೇರಿ ಸ್ಕ್ಯಾಟ್ ತಂಡಗಳು ನೋಡಿದ್ದು 7,058 ಕಿಲೋಮೀಟರ್ ದಡ. ಎಣ್ಣೆ ಸಿಕ್ಕಿದ್ದು 1,773 ಕಿಲೋಮೀಟರಿನಲ್ಲಿ. ಅದರಲ್ಲಿ ಈ 11 ಎಷ್ಟು ಸಣ್ಣದು ನೋಡಿ.

ನಮ್ಮ ದೋಣಿ ನಡೆಸುತ್ತಿದ್ದವರು ಗ್ರ್ಯಾಂಡ್ ಐಲ್ ಕಡೆಯ ಒಬ್ಬ ಏಡಿ ಹಿಡಿಯುವವರು. ಅರವತ್ತರ ಹತ್ತಿರದ ಮನುಷ್ಯ. ನಾವೆಲ್ಲ ಕ್ಯಾಪ್ಟನ್ ಅನ್ನುತ್ತಿದ್ದೆವು. ಮೀನುಗಾರಿಕೆ ನಿಂತಿತ್ತು. ಜೂನ್ 2ಕ್ಕೆ ಕೇಂದ್ರ ಸರ್ಕಾರ ಮುಚ್ಚಿದ ನೀರಿನ ವಿಸ್ತಾರ 2.29 ಲಕ್ಷ ಚದರ ಕಿಲೋಮೀಟರ್, ಮೆಕ್ಸಿಕೋ ಕೊಲ್ಲಿಯಲ್ಲಿ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುವ ನೀರಿನ ಶೇಕಡಾ 37. ಇಡೀ ಕರ್ನಾಟಕಕ್ಕಿಂತ ಜಾಸ್ತಿ. ಹಾಗೆ ಕೂತ ದೋಣಿಗಳನ್ನೇ ಸ್ವಚ್ಛತೆಗೆ ಬಾಡಿಗೆಗೆ ಹಿಡಿದರು. ಉದ್ದ ನೋಡಿ ದಿನಕ್ಕೆ 1,200ರಿಂದ 3,000 ಡಾಲರ್. ಸಿಗಡಿ ಹಿಡಿದು ಯಾವ ಸೀಸನ್ನಿನಲ್ಲೂ ಕಾಣದ ದುಡ್ಡು ಕೆಲವರಿಗೆ ಬಂತು. ಪಕ್ಕದ ಮನೆಯವರ ದೋಣಿಗೆ ಕರೆಯೇ ಬರಲಿಲ್ಲ. ದುಡ್ಡು ಮಾಡಿಕೊಂಡವರಿಗೆ ಊರಿನಲ್ಲಿ 'ಸ್ಪಿಲಿಯನೇರ್' ಅನ್ನುವ ಅಡ್ಡಹೆಸರು ಬಿತ್ತು. ಕ್ಯಾಪ್ಟನ್ ಮತ್ತು ಅವರ ತಮ್ಮನ ನಡುವೆ ಮಾತು ನಿಂತದ್ದು ಆ ಬೇಸಿಗೆಯಲ್ಲೇ. ತಮ್ಮನ ದೋಣಿ ದಡದಲ್ಲೇ ಕಟ್ಟಿತ್ತು.

ಹೊರಗಿನವರಿಗೆ ಒಂದು ವಿಷಯ ಅರ್ಥವಾಗುವುದು ಕಷ್ಟ. ಅಲ್ಲಿ ಮೀನಿನವರು ಒಂದು ಕಡೆ, ಎಣ್ಣೆಯವರು ಇನ್ನೊಂದು ಕಡೆ ಅಂತಿಲ್ಲ. ಕ್ಯಾಪ್ಟನ್ನರ ಮಗ ಪೋರ್ಟ್ ಫೋರ್ಶನ್‌ನಲ್ಲಿ ರಿಗ್‌ಗಳಿಗೆ ಸಾಮಾನು ಒಯ್ಯುವ ಹಡಗಿನಲ್ಲಿದ್ದ. ಮಾರ್ಗನ್ ಸಿಟಿಯಲ್ಲಿ ವರ್ಷವರ್ಷ ನಡೆಯುವ ಹಬ್ಬದ ಹೆಸರೇ 'ಸಿಗಡಿ ಮತ್ತು ಪೆಟ್ರೋಲಿಯಂ ಹಬ್ಬ'. ಸರ್ಕಾರ ಮೇ ಕೊನೆಯಲ್ಲಿ ಆಳ ಸಮುದ್ರದ ಕೊರೆತ ನಿಲ್ಲಿಸಿತು. ಅಕ್ಟೋಬರ್ 12ರವರೆಗೆ ಆ ತಡೆ ಇತ್ತು. ಅಪ್ಪನಿಗೆ ಎಣ್ಣೆ ಬಂದದ್ದಕ್ಕೆ ಕೆಲಸ ಹೋಯಿತು, ಮಗನಿಗೆ ಎಣ್ಣೆ ತೆಗೆಯುವುದು ನಿಂತದ್ದಕ್ಕೆ. ಊಟದ ಡಬ್ಬಿ ಬಿಚ್ಚಿದಾಗೆಲ್ಲ ಕ್ಯಾಪ್ಟನ್ ಬೈಯುತ್ತಿದ್ದರು. ಯಾರನ್ನು ಅನ್ನುವುದು ದಿನಕ್ಕೊಂದು.

ಸಿಂಪಿಯ, ಅಂದರೆ ಆಯ್ಸ್ಟರಿನ, ಕಥೆ ಇನ್ನೂ ಸಂಕಟದ್ದು. ಎಣ್ಣೆ ಒಳಗೆ ಬಾರದಿರಲಿ ಎಂದು ರಾಜ್ಯದವರು ಮಿಸಿಸಿಪ್ಪಿ ನದಿಯ ಸಿಹಿನೀರಿನ ಕಾಲುವೆಗಳನ್ನು ಪೂರ್ತಿ ತೆರೆದರು. ಒಳಗಿಂದ ನೀರು ಒತ್ತಿದರೆ ಎಣ್ಣೆ ಹೊರಗೇ ಉಳಿಯುತ್ತದೆ ಅನ್ನುವ ಲೆಕ್ಕ. ಆದರೆ ಸಿಂಪಿ, ಮೀನಿನ ಹಾಗೆ ಈಜಿ ಓಡುವುದಿಲ್ಲ. ಅದಕ್ಕೆ ಇಂತಿಷ್ಟು ಉಪ್ಪು ಬೇಕು. ಎಣ್ಣೆ ಮುಟ್ಟದ ಎಷ್ಟೋ ಸಿಂಪಿ ಹಾಸುಗಳು ಸಿಹಿನೀರಿಗೆ ಸತ್ತವು. ನಮ್ಮೂರ ಕಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ನೀರಿನ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವ ಜಗಳ ನೋಡಿ ಬೆಳೆದ ನನಗೆ ಇದು ತಕ್ಷಣ ಅರ್ಥವಾಯಿತು. ಆ ಗಾಬರಿಯಲ್ಲಿ ನಾನೇ ಅಧಿಕಾರಿಯಾಗಿದ್ದರೂ ಬಹುಶಃ ಬಾಗಿಲು ತೆರೆಯುತ್ತಿದ್ದೆ. ನ್ಯೂ ಆರ್ಲಿಯನ್ಸ್‌ನಲ್ಲಿ 1876ರಿಂದ ಸಿಂಪಿ ಸುಲಿದು ಮಾರುತ್ತಿದ್ದ ಪಿ ಅಂಡ್ ಜೆ ಕಂಪನಿ ಆ ಜೂನ್‌ನಲ್ಲಿ ಸುಲಿಯುವ ಕೆಲಸ ನಿಲ್ಲಿಸಿತು.

ನೀರು ಮತ್ತೆ ತೆರೆದಾಗಲೂ ಮಾರುಕಟ್ಟೆ ತೆರೆಯಲಿಲ್ಲ. ಮೀನನ್ನು ಮೂಸಿ ನೋಡಲೆಂದೇ ತರಬೇತಿ ಪಡೆದವರಿದ್ದರು. ಹಸಿಯಾಗಿ ಒಮ್ಮೆ, ಬೇಯಿಸಿ ಒಮ್ಮೆ ಮೂಸುತ್ತಿದ್ದರು. ಆಮೇಲೆ ಲ್ಯಾಬ್. ಅದೂ ಪಾಸಾದ ಸಿಗಡಿಯನ್ನು ಬೇರೆ ರಾಜ್ಯದ ಹೋಟೆಲಿನವರು ಬೇಡ ಅಂದರೆ ಏನು ಮಾಡುತ್ತೀರಿ? ಅನುಮಾನವನ್ನು ಉಗುರಿನಿಂದ ಕೆರೆಯಲು ಬರುವುದಿಲ್ಲ.

ಪರಿಹಾರಕ್ಕೆ ಬಿಪಿ 2,000 ಕೋಟಿ ಡಾಲರಿನ ನಿಧಿ ಇಟ್ಟಿತು. ಹಂಚುವ ಕೆಲಸ ಕೆನೆತ್ ಫೈನ್‌ಬರ್ಗ್ ಅನ್ನುವ ವಕೀಲರಿಗೆ. ಒಂದು ಭಾನುವಾರ ಕ್ಯಾಪ್ಟನ್ ಒಂದು ಬೂಟಿನ ಡಬ್ಬಿ ತಂದು ನನ್ನ ಮುಂದಿಟ್ಟರು. "ನೀನು ಫಾರಂ ತುಂಬುವವನು ಅಲ್ವಾ, ಇದನ್ನೂ ತುಂಬು." ಒಳಗೆ ಡೀಸೆಲ್ ಚೀಟಿ, ಐಸ್ ಚೀಟಿ, ಪೆನ್ಸಿಲಿನಲ್ಲಿ ಬರೆದ ತೂಕದ ಲೆಕ್ಕ. ಅರ್ಧಕ್ಕರ್ಧ ವ್ಯಾಪಾರ ಕೈಯಿಂದ ಕೈಗೆ ನಗದು. ತೆರಿಗೆ ಕಾಗದದಲ್ಲಿ ಇರುವುದು ಉಳಿದ ಅರ್ಧ ಮಾತ್ರ. ಕಾಗದದಲ್ಲಿ ಇಲ್ಲದ ಗಳಿಕೆಗೆ ನಷ್ಟವೂ ಇಲ್ಲ. ಮೂರು ಭಾನುವಾರ ಕೂತು ತುಂಬಿದೆವು. ಡಿಸೆಂಬರಿನಲ್ಲಿ ಇನ್ನೊಂದು ದಾರಿ ತೆರೆಯಿತು. ಒಬ್ಬರಿಗೆ 5,000 ಡಾಲರ್, ವ್ಯಾಪಾರಕ್ಕಾದರೆ 25,000, ಬೇಗ ಸಿಗುತ್ತದೆ. ಆದರೆ ಮುಂದೆ ಕೇಸು ಹಾಕುವುದಿಲ್ಲ ಎಂದು ಸಹಿ ಮಾಡಬೇಕು. ಕ್ಯಾಪ್ಟನ್ನರ ತಮ್ಮ ಸಹಿ ಮಾಡಿ ದುಡ್ಡು ತೆಗೆದುಕೊಂಡರು. ಕ್ಯಾಪ್ಟನ್ ಮಾಡಲಿಲ್ಲ. ಯಾರದು ಸರಿ ಎಂದು ನನ್ನನ್ನು ಕೇಳಿದರು. ನಾನು ಜಾರಿಕೊಂಡೆ.

2016ರಲ್ಲಿ ಸರ್ಕಾರಗಳಿಗೂ ಬಿಪಿಗೂ ನಡುವೆ ಕೋರ್ಟ್ ಒಪ್ಪಿದ ರಾಜಿಯ ಮೊತ್ತ 2,080 ಕೋಟಿ ಡಾಲರ್. ಅದರಲ್ಲಿ 880 ಕೋಟಿಯವರೆಗೆ ಪ್ರಕೃತಿಯ ಹಾನಿ ಸರಿಪಡಿಸಲು. ಆ ದುಡ್ಡಿನಲ್ಲಿ ಒಳ್ಳೆಯದೂ ಆಗಿದೆ. ಕಂದು ಪೆಲಿಕನ್ ಲೂಸಿಯಾನದ ರಾಜ್ಯಪಕ್ಷಿ. ಅಳಿವಿನ ಪಟ್ಟಿಯಿಂದ ಅದು ಹೊರಬಂದದ್ದು 2009ರ ನವೆಂಬರಿನಲ್ಲಿ. ಐದೇ ತಿಂಗಳಿಗೆ ಎಣ್ಣೆ ಬಂತು. ಅವು ಗೂಡು ಕಟ್ಟುವ ಕ್ವೀನ್ ಬೆಸ್ ದ್ವೀಪವನ್ನು ಮಣ್ಣು ತುಂಬಿ 2020ರ ಹೊತ್ತಿಗೆ ಮತ್ತೆ ಎಬ್ಬಿಸಿದರು. ಬಾರಟೇರಿಯಾ ಕೊಲ್ಲಿಯ ಡಾಲ್ಫಿನ್‌ಗಳಿಗೆ ಮಾತ್ರ ಹಾಗೆ ಮಣ್ಣು ತುಂಬಲು ಬರುವುದಿಲ್ಲ. ಅವುಗಳ ಶ್ವಾಸಕೋಶ ಕೆಟ್ಟಿತ್ತು. ಗರ್ಭ ನಿಂತರೂ ಹೆಚ್ಚಿನವು ಉಳಿಯಲಿಲ್ಲ.

ಇನ್ನು ನಾನು ಅತಿ ಹೆಚ್ಚು ಸಲ ಬರೆದ ಮಾತಿಗೆ ಬರುತ್ತೇನೆ. 'ಎಣ್ಣೆ ಕಾಣಲಿಲ್ಲ'. ನಿಯಮದ ಪ್ರಕಾರ 'ಇಲ್ಲ' ಎಂದು ಬರೆಯುವ ಹಾಗಿಲ್ಲ, 'ಕಾಣಲಿಲ್ಲ' ಎಂದೇ ಬರೆಯಬೇಕು. ಮೊದಮೊದಲು ಇದು ವಕೀಲರ ಜಾಣತನ ಅನ್ನಿಸುತ್ತಿತ್ತು. ಆಮೇಲೆ 2012ರ ಆಗಸ್ಟ್ ಕೊನೆಯಲ್ಲಿ ಐಸಾಕ್ ಚಂಡಮಾರುತ ಬಂತು. ಫೋರ್ಶನ್ ಮತ್ತು ಎಲ್ಮರ್ಸ್ ಐಲ್ಯಾಂಡ್ ದಡಗಳ ಮರಳು ಕೊಚ್ಚಿ ಹೋಯಿತು. ಕೆಳಗೆ ಟಾರಿನ ಚಾಪೆಗಳು! ನಾವು ಗುಂಡಿ ತೋಡಿ ನೋಡಿದ್ದ ಜಾಗಗಳ ನಡುವೆಯೇ ಅವು ಮಲಗಿದ್ದವು. ಅಂದಿನಿಂದ ಆ ಪದದ ಮೇಲೆ ನನಗೆ ಗೌರವ.

ಆ ವರ್ಷದ ಅಕ್ಟೋಬರಿನಲ್ಲಿ ನಾನು ಕೊನೆಯ ಸಲ ಬೇ ಜಿಮ್ಮಿಗೆ ಹೋದೆ. 2010ರಲ್ಲಿ ಹುಲ್ಲಿನ ಅಂಚಿನಲ್ಲಿ ಒಂದು ಬಿಳಿ ಪೈಪು ನೆಟ್ಟಿದ್ದೆ, ಅಳತೆಯ ಗುರುತಿಗೆ. ಜಿಪಿಎಸ್ ಹಿಡಿದು ಹುಡುಕಿದೆವು. ಪೈಪು ದಡದಿಂದ ದೂರ, ನೀರಿನ ನಡುವೆ ವಾಲಿ ನಿಂತಿತ್ತು. ಹುಲ್ಲು ಸತ್ತರೆ ಬೇರು ಸಾಯುತ್ತದೆ, ಬೇರು ಸತ್ತರೆ ಕೆಸರು ಹಿಡಿಯುವವರಿಲ್ಲ. ಎಣ್ಣೆ ದಪ್ಪ ಬಿದ್ದ ಕಡೆ ದಡ ಕೊರೆಯುವ ವೇಗ ಎರಡು ಪಟ್ಟಿಗೂ ಮೀರಿತ್ತು ಎಂದು ಸಂಶೋಧಕರು ಅಳೆದಿದ್ದಾರೆ. ಪೂರ್ತಿ ಎಣ್ಣೆಯದೇ ತಪ್ಪು ಅನ್ನಲಾರೆ. ನದಿಗೆ ಏರಿ ಕಟ್ಟಿ ಹೂಳು ಬರದ ಹಾಗೆ ಮಾಡಿದ್ದು, ಪೈಪ್‌ಲೈನಿಗೆಂದು ಕಾಲುವೆ ಕೊರೆದದ್ದು, ಇವುಗಳಿಂದ ಲೂಸಿಯಾನ ಎಷ್ಟೋ ದಶಕಗಳಿಂದ ಕರಗುತ್ತಲೇ ಇದೆ.

ಮೂವರೂ ಸುತ್ತ ನೋಡಿದೆವು. ನೀರು ತಿಳಿ. ಹೊಳಪೂ ಇಲ್ಲ. ನಾನು 'ಎಣ್ಣೆ ಕಾಣಲಿಲ್ಲ' ಎಂದು ಬರೆದು ಸಹಿಗೆ ಚಾಚಿದೆ. ಅವತ್ತು ಜಗಳವೇ ಆಗಲಿಲ್ಲ. ಕ್ಯಾಪ್ಟನ್ ಮಾತ್ರ ಸುಮ್ಮನೆ ದೋಣಿಯ ಜಲ್ಲೆ ಇಳಿಸಿ ಆಳ ನೋಡಿದರು. "ಮೂರಡಿ. ಮುಂದಿನ ವರ್ಷ ಇಲ್ಲಿ ಏಡಿ ಬೋನು ಹಾಕಬಹುದು" ಅಂದು ಎಂಜಿನ್ ಶುರು ಮಾಡಿದರು.